ಮ್ಯಾಕ್ ಮತ್ತು ತಿಂಗಳ ಬಾಡಿಗೆ

ಯಾದಗಿರಿ, ಶಹಾಪುರ, ಸುರಪುರದ ಡಿ.ಟಿ.ಪಿ. ಅಂಗಡಿಗಳಿಗೆ ಮದುವೆ ಕಾರ್ಡು ದೊಡ್ಡ ದುಡಿಮೆ. ಆಷಾಢ, ಮೊಹರಂ ಬಂದರೆ ಕೆಲಸ ಇಳಿಯುತ್ತದೆ. ತಂತ್ರಾಂಶದ ತಿಂಗಳ ಬಾಡಿಗೆ ಇಳಿಯುವುದಿಲ್ಲ. 2013ರಲ್ಲಿ ಅಡೋಬ್ ತನ್ನ ಹೊಸ ಆವೃತ್ತಿಗಳು ಚಂದಾದಾರರಿಗಷ್ಟೇ ಎಂದಿತು. ಮ್ಯಾಕ್‌ನ ಬರವಣಿಗೆ ತಂತ್ರಾಂಶ ಯುಲಿಸಿಸ್ 2017ರಲ್ಲಿ ಅದೇ ದಾರಿ ಹಿಡಿದಾಗ ಬಳಕೆದಾರರು ಸಿಟ್ಟಾದರು.

ತಯಾರಕರ ಮಾತಿನಲ್ಲೂ ಹುರುಳಿದೆ. ಆ್ಯಪಲ್ ವರ್ಷಕ್ಕೊಮ್ಮೆ ವ್ಯವಸ್ಥೆಯನ್ನೇ ಬದಲಿಸುತ್ತದೆ. ಒಮ್ಮೆ ಪಡೆದ ಹಣದಲ್ಲಿ ಎಷ್ಟು ವರ್ಷ ದುರಸ್ತಿ ಮಾಡಿಯಾರು? ಆದರೆ ಬಾಡಿಗೆ ನಿಂತ ದಿನ ನಮ್ಮ ಬರಹದ ಗತಿಯೇನು ಎಂಬುದೇ ನನಗೆ ಮುಖ್ಯ ಪ್ರಶ್ನೆ. ಯುಲಿಸಿಸ್ ಬರೆದದ್ದನ್ನು ಓದಲು, ಹೊರತೆಗೆಯಲು ಬಿಡುತ್ತದೆ. ಇನ್‌ಡಿಸೈನ್ ಕಡತ ನಮ್ಮದೇ, ಅದನ್ನು ತಿದ್ದಬೇಕಾದರೆ ಮತ್ತೆ ಚಂದಾ ಕಟ್ಟಬೇಕು. ಹೋದ ವರ್ಷದ ಕಾರ್ಡಿನಲ್ಲಿ ಹೆಸರು, ತಾರೀಖು ಬದಲಿಸಿ ಕೊಡುವುದೇ ಕಸುಬಾದವನಿಗೆ ಇದು ಸಣ್ಣ ಮಾತಲ್ಲ.

ಕನ್ನಡದ ಕೀಲಿಮಣೆ, ಅಕ್ಷರಗಳು ಮ್ಯಾಕ್‌ನಲ್ಲೇ ಇವೆ. ಪೇಜಸ್, ಲಿಬ್ರೆ ಆಫೀಸ್ ಪುಕ್ಕಟೆ. ಅರ್ಜಿಗೆ, ಲೇಖನಕ್ಕೆ, ಕರಪತ್ರಕ್ಕೆ ಅವು ಧಾರಾಳ ಸಾಕು. ನುಡಿಯ ಹಳೆ ಅಕ್ಷರದಲ್ಲಿರುವ ಕಡತಗಳನ್ನು ಮಾತ್ರ ಮೊದಲು ಯುನಿಕೋಡಿಗೆ ತಿರುಗಿಸಿಕೊಳ್ಳಬೇಕು. ಉಳಿದ ಯಾವುದಕ್ಕೇ ಹಣ ಕಟ್ಟುವ ಮುನ್ನ, ಪ್ರಯೋಗದ ಅವಧಿಯಲ್ಲೇ ಒಂದು ಕಾರ್ಡು ಮಾಡಿ, ಒತ್ತಕ್ಷರ ಸರಿಯಾಗಿ ಕೂಡಿದೆಯೇ ಎಂದು ಅಚ್ಚು ತೆಗೆದು ನೋಡಿ.