ಬೆಳಗಿನ ಕಟಕಟ

ಡಿಸೆಂಬರಿನಲ್ಲಿ ಮೂಡಿಗೆರೆಯ ಕಡೆ ಆರು ಗಂಟೆಗೆ ಮಂಜು ಇನ್ನೂ ಕಾಫಿ ಕಣದ ಮೇಲೆಯೇ ಮಲಗಿರುತ್ತದೆ. ಹಣ್ಣು ಕೊಯ್ಯುವವರನ್ನು ಕರೆತರಲು ಪಿಕಪ್ಪು ಹೊರಡಬೇಕು. ಚಾವಿ ತಿರುಗಿಸಿ ಸೆಲ್ಫ್ ಹೊಡೆದರೆ ಒಂದೆರಡು ಸುತ್ತು ನಿದ್ದೆಗಣ್ಣಲ್ಲಿ ಗೊಣಗಿ, ಆಮೇಲೆ ಒಮ್ಮೆಲೇ ಕಟಕಟ ಕಟಕಟ ಎಂದು ಶುರುವಾಗುತ್ತದೆ. ಶೆಡ್ಡಿನ ತಗಡು ಅದರ ಜೊತೆಗೆ ನಡುಗುತ್ತದೆ. ಬೆಂಗಳೂರಿನಿಂದ ಬಂದ ನೆಂಟರು ಕಂಬಳಿಯೊಳಗಿಂದಲೇ ಶಪಿಸುತ್ತಾರೆ. ನಾನು ಮಾತ್ರ ಕಾಫಿ ಲೋಟ ಹಿಡಿದು ಐದು ನಿಮಿಷ ಅಲ್ಲಿಯೇ ನಿಲ್ಲುತ್ತೇನೆ. ಇಪ್ಪತ್ತು ವರ್ಷ ದಾಟಿದ ಮಹೀಂದ್ರ ಪಿಕಪ್ಪಿನಲ್ಲಿ ಕೇಳಬೇಕಾದ ಮೊದಲ ಸೊಗಸು ಇದೇ.

ಈ ಕಟಕಟಕ್ಕೆ ಒಂದು ಕಾರಣವಿದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಒಳಗೆ ಸೆಳೆದ ಗಾಳಿಯನ್ನು ಹೆಚ್ಚುಕಡಿಮೆ ಹದಿನೆಂಟನೆಯ ಒಂದು ಪಾಲಿಗೆ ಹಿಂಡಿದಾಗ ಅದು 500 ಡಿಗ್ರಿ ದಾಟಿ ಕಾಯುತ್ತದೆ. ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ಹೊತ್ತುವ ಮೊದಲು ಚೂರು ಹಿಂಜರಿಯುತ್ತದೆ. ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸಿನ ಹಿಂಜರಿಕೆ ಅಷ್ಟೆ. ಅಷ್ಟರಲ್ಲಿ ಇನ್ನಷ್ಟು ಡೀಸೆಲ್ ಒಳಗೆ ಬಂದು ಸೇರಿರುತ್ತದೆ, ಎಲ್ಲವೂ ಒಟ್ಟಿಗೇ ಹೊತ್ತಿ ಪಿಸ್ಟನ್ನಿನ ತಲೆಯ ಮೇಲೆ ಸುತ್ತಿಗೆಯೇಟು ಬೀಳುತ್ತದೆ. ಎಂಜಿನ್ ತಣ್ಣಗಿದ್ದಷ್ಟೂ ಹಿಂಜರಿಕೆ ಉದ್ದ, ಏಟು ಜೋರು. ಬಿಸಿಯಾಗುತ್ತಾ ಬಂದಂತೆ ಕಟಕಟ ಮೆತ್ತಗಾಗಿ, ಕೊನೆಗೆ ಅಕ್ಕಿ ಬೇಯುವ ಸದ್ದಿಗೆ ಇಳಿಯುತ್ತದೆ. ಈಗಿನ ಕಾಮನ್ ರೈಲ್ ಎಂಜಿನ್ನುಗಳು ಮುಖ್ಯ ಸಿಂಚನಕ್ಕೆ ಮುಂಚೆ ಒಂದು ಗುಟುಕು ಡೀಸೆಲ್ ಹಾಕಿ ಈ ಏಟನ್ನು ಮೊದಲೇ ಸಮಾಧಾನ ಮಾಡಿಬಿಡುತ್ತವೆ. ಒಳ್ಳೆಯ ವಿದ್ಯೆಯೇ. ಆದರೆ ಆಲಾಪವಿಲ್ಲದೆ ನೇರ ಪಲ್ಲವಿಗೆ ಬಂದ ಹಾಗೆ ನನಗೆ ಕೇಳಿಸುತ್ತದೆ.

ಕಾವ್ಯದ ಆತ್ಮ ಧ್ವನಿ ಎಂದ ಆನಂದವರ್ಧನ ಒಂಬತ್ತನೆಯ ಶತಮಾನದ ಕಾಶ್ಮೀರದವನು, ಡೀಸೆಲ್ ಗಾಡಿ ಕಂಡವನಲ್ಲ. ಅವನು ಧ್ವನಿ ಎಂದದ್ದು ಕಿವಿಗೆ ಬಿದ್ದ ಮಾತಿನ ಹಿಂದಿರುವ, ಹೇಳದೆ ಹೊಳೆಸುವ ಅರ್ಥವನ್ನು. ನಮ್ಮ ಗ್ಯಾರೇಜಿನ ಮೇಸ್ತ್ರಿಗೆ ಅಲಂಕಾರಶಾಸ್ತ್ರ ಗೊತ್ತಿಲ್ಲ; ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿ ಕಣ್ಣು ಮುಚ್ಚುತ್ತಾರೆ. ಒಂದು ನಿಮಿಷ ಯಾರೂ ಮಾತಾಡಬಾರದು. ಆಮೇಲೆ, "ಮೂರನೇದು ಮಂಕಾಗಿದೆ ಸಾರ್" ಎನ್ನುತ್ತಾರೆ.

ಹೇಳಿದ್ದನ್ನು ತೋರಿಸಿಕೊಡುವುದೂ ಅವರಿಗೆ ಸೇರಿದ್ದು. ಎಂಜಿನ್ ಓಡುತ್ತಿರುವಾಗಲೇ, ನಾಲ್ಕು ಸಿಲಿಂಡರಿಗೂ ಡೀಸೆಲ್ ಸಿಂಪಡಿಸುವ ನಾಜಲುಗಳ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಮೊದಲನೆಯದು ಸಡಿಲವಾದಾಗ ಎಂಜಿನ್ ಕುಂಟುತ್ತದೆ, ಎರಡನೆಯದಕ್ಕೂ ಕುಂಟುತ್ತದೆ. ಮೂರನೆಯದನ್ನು ಸಡಿಲಿಸಿದಾಗ ಏನೂ ಆಗುವುದಿಲ್ಲ. ಇದ್ದೂ ಇಲ್ಲದಂತಿದ್ದವನು ಸಿಕ್ಕಿಬಿದ್ದ. ಒಂದು ಸ್ಪ್ಯಾನರಿನಿಂದ ಇಷ್ಟು ನಿಚ್ಚಳವಾದ ತನಿಖೆ ಮಾಡಲು ಬಿಡುವ ಯಂತ್ರಗಳು ಈಗ ಎಷ್ಟು ಉಳಿದಿವೆ?

ಈ ಎಂಜಿನ್ನಿನ ಜಾತಕವೂ ಚೆನ್ನಾಗಿದೆ. ಕಾಗದದಲ್ಲಿ 2523 ಸಿಸಿ ಎಂಬ ಒರಟು ಸಂಖ್ಯೆ. ಬೋರ್ 88.9 ಮಿಲಿಮೀಟರ್, ಸ್ಟ್ರೋಕ್ 101.6. ಇಂಥ ಮುರುಕು ಅಳತೆ ಯಾರಿಟ್ಟರಪ್ಪಾ ಎಂದು ಇಂಚಿಗೆ ತಿರುಗಿಸಿದರೆ ಮೂರೂವರೆ ಮತ್ತು ನಾಲ್ಕು, ಒಂದು ಕೂದಲೂ ಹೆಚ್ಚುಕಡಿಮೆಯಿಲ್ಲ! ಮಹೀಂದ್ರದವರು 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರಿಗೆ ಕೈಹಾಕಿದ್ದರು. ಬ್ರಿಟನ್ನಿನ ಆ ಟ್ರ್ಯಾಕ್ಟರ್ ಎಂಜಿನ್ನುಗಳ ವಂಶದ ಅಳತೆ ಇದು. ಅಂದರೆ ನಮ್ಮ ಪಿಕಪ್ಪಿನ ಎದೆಯಲ್ಲಿರುವುದು ನೇಗಿಲು ಎಳೆದ ಮನೆತನದ ಹೃದಯ. ಓಡು ಎಂದರೆ ಮುಖ ಸಿಂಡರಿಸುತ್ತದೆ, ಹೊರು ಎಂದರೆ ಖುಷಿ. ಗೊಬ್ಬರದ ಚೀಲ ಹೇರಿಕೊಂಡು ಎರಡನೇ ಗೇರಿನಲ್ಲಿ ತೋಟದ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತದಿದ್ದರೂ ಎತ್ತಿನ ಹಾಗೆ ತಲೆ ತಗ್ಗಿಸಿ ನಡೆಯುತ್ತದೆ.

ಮೂರನೆಯ ನಾಜಲ್ ಬಿಚ್ಚಿಕೊಂಡು ಚಿಕ್ಕಮಗಳೂರಿನ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಹೋದೆವು. ನಾನು ಮೆಚ್ಚುವ ಕೋಣೆಗಳಲ್ಲಿ ಅದೂ ಒಂದು. ಗ್ಯಾರೇಜಿನ ಉಳಿದೆಡೆ ಮಣ್ಣು, ಗ್ರೀಸು, ಬೈಗುಳ. ಇಲ್ಲಿ ಮಾತ್ರ ಚಪ್ಪಲಿ ಹೊರಗೆ. ಕಾರಣ, ನಾಜಲಿನ ಸೂಜಿಗೂ ಅದು ಕೂರುವ ಗೂಡಿಗೂ ನಡುವಿನ ಸಂದು ಎರಡರಿಂದ ನಾಲ್ಕು ಮೈಕ್ರಾನ್. ತಲೆಗೂದಲ ದಪ್ಪದ ಇಪ್ಪತ್ತನೆಯ ಒಂದು ಪಾಲು ಎನ್ನಬಹುದು. ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿದ ಮೇಲೆ ಒಂದರ ಸೂಜಿ ಇನ್ನೊಂದರ ಗೂಡಿಗೆ ಆಗುವುದಿಲ್ಲ. ಅಂಗಡಿಯವರು ಸೂಜಿಯನ್ನು ತೊಳೆದು, ಡೀಸೆಲ್ಲಿನಲ್ಲಿ ಅದ್ದಿ, ಗೂಡನ್ನು ಓರೆಯಾಗಿ ಹಿಡಿದು ಮೂರನೆಯ ಒಂದು ಪಾಲು ಹೊರಗೆಳೆದು ಬಿಟ್ಟರು. ಅದು ಧಡಕ್ಕನೆ ಬೀಳಲಿಲ್ಲ, ಸಿಕ್ಕಿಕೊಳ್ಳಲೂ ಇಲ್ಲ. ತನ್ನ ಭಾರಕ್ಕೇ ನಿಧಾನವಾಗಿ ಜಾರಿ ತಳ ಸೇರಿತು. ರೇಷ್ಮೆ ಸೀರೆ ಮಡಿಲಿನಿಂದ ಜಾರುವಾಗ ಇಂಥ ಇಳಿತವಿರುತ್ತದೆ. ಸೂಜಿ ಸರಿಯಿದೆ, ಕೂರುವ ಜಾಗದಲ್ಲಿ ಮಸಿ ಕಟ್ಟಿದೆ ಎಂದರು.

ಮಸಿ ತೆಗೆದ ಮೇಲೆ ಪರೀಕ್ಷೆ. ಟೆಸ್ಟರಿಗೆ ಕಟ್ಟಿ ಹಿಡಿಕೆ ಒತ್ತಿದಾಗ ಮುಳ್ಳು 200 ಬಾರ್ ದಾಟಿತು. ಲೋಡ್ ಗಾಡಿಯ ಹಿಂದಿನ ಟೈರಿನಲ್ಲಿ ನಾಲ್ಕು ಬಾರ್ ಗಾಳಿ ಇದ್ದೀತು, ಅದರ ಐವತ್ತು ಪಟ್ಟು. "ಕೈ ಹತ್ರ ತರಬೇಡಿ ಸಾರ್, ಚರ್ಮದೊಳಗೇ ಹೋಗಿಬಿಡ್ತದೆ" ಎಂದು ಎಚ್ಚರಿಸಿದರು. ಮೊದಲು ನೋಡಿದಾಗ ಮೂರನೆಯದು ಸೋರುವ ನಲ್ಲಿಯಂತೆ ತೊಟ್ಟಿಕ್ಕುತ್ತಿತ್ತು. ಈಗ 'ಚಿರ್ರ್' ಎಂದು ಹಕ್ಕಿಯ ಹಾಗೆ ಕೂಗಿ ಮಂಜು ಉಗುಳಿತು. ಬೀಸಣಿಗೆಯಂತೆ ಹರಡಿ, ಗಾಳಿಯಲ್ಲೇ ಕರಗಿ, ತುದಿಯಲ್ಲಿ ಒಂದು ಹನಿಯನ್ನೂ ಉಳಿಸದೆ ನಿಂತಿತು. ನಾನು ಇನ್ನೊಮ್ಮೆ ಎಂದೆ. ಅವರು ನಕ್ಕು ಇನ್ನೊಮ್ಮೆ ಒತ್ತಿದರು. ಚೆನ್ನಾಗಿ ಹಾಡಿದವರಿಗೆ ಒನ್ಸ್ ಮೋರ್ ಹೇಳುವುದು ನಮ್ಮ ನಾಟಕ ಕಂಪನಿಗಳ ಕಾಲದಿಂದ ಬಂದ ಪದ್ಧತಿಯಲ್ಲವೇ.

ಆ ಕೋಣೆಯ ಗೋಡೆಯ ಮೇಲೆ ಮಾಸಿದ ಅಕ್ಷರದಲ್ಲಿ ಮೈಕೋ ಎಂದು ಇನ್ನೂ ಇದೆ. ಬಾಷ್ ಕಂಪನಿಯ ಈ ಭಾರತದ ಕುಡಿ 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೇರು ಬಿಟ್ಟದ್ದು. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯಿತು. ಮೇಸ್ತ್ರಿಗಳ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪು, ಮೈಕೋ ನಾಜಲು. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಗಳನ್ನು ತವರಿನವರು ಹಳೆಯ ಹೆಸರಿನಿಂದಲೇ ಕರೆದ ಹಾಗೆ.

ಡೀಸೆಲ್ ಪೈಪಿನಿಂದ ಗಾಳಿ ತೆಗೆಯುವ ಕೆಲಸದ ರುಚಿ ಗೊತ್ತಾದದ್ದು ಒಂದು ರಾತ್ರಿ ಚಾರ್ಮಾಡಿ ಘಾಟಿಯಲ್ಲಿ. ಡೀಸೆಲ್ ಮುಗಿಯುವವರೆಗೆ ಓಡಿಸಿದ ಮಹಾಶಯ ನಾನೇ. ಕ್ಯಾನಿನಲ್ಲಿದ್ದ ಐದು ಲೀಟರ್ ಸುರಿದರೂ ಗಾಡಿ ಹೊತ್ತಲಿಲ್ಲ. ಪೈಪಿನೊಳಗೆ ಗಾಳಿ ಹೊಕ್ಕಿತ್ತು. ದ್ರವವನ್ನು ಒತ್ತಿದರೆ ಅದು ಮುಂದಕ್ಕೆ ತಳ್ಳುತ್ತದೆ, ಗಾಳಿಯನ್ನು ಒತ್ತಿದರೆ ಸುಮ್ಮನೆ ಕುಗ್ಗಿ ಮತ್ತೆ ಹಿಗ್ಗುತ್ತದೆ. ಹಾಗಾಗಿ ನಾಜಲಿಗೆ ಬೇಕಾದ ಒತ್ತಡ ಏರುವುದೇ ಇಲ್ಲ.

"ಅಣ್ಣ, ಮನೆ ಸೇರ್ತೀವಾ?" ಚಿಕ್ಕಪ್ಪನ ಮಗ ಕೇಳಿದ.

"ಟಾರ್ಚು ಸರಿಯಾಗಿ ಹಿಡಿಯಾ ಮಾರಾಯ, ಆಮೇಲೆ ನೋಡುವ."

ಫಿಲ್ಟರಿನ ಮೇಲಿನ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಕೈಪಂಪನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ಮೊದಲು ಬರೀ ಉಸಿರು. ಆಮೇಲೆ ಹಾಲು ಕರೆದಂತೆ ನೊರೆನೊರೆ. ನೊರೆಯಲ್ಲಿ ಗುಳ್ಳೆ ದೊಡ್ಡದಾಗಿ, ಬಿಡಿಬಿಡಿಯಾಗಿ, ಕೊನೆಯದೊಂದು ಟಪ್ಪೆಂದು ಒಡೆದು, ತಿಳಿ ಡೀಸೆಲ್ ದಾರದಂತೆ ಇಳಿಯಿತು. ಅದೇ ಕ್ಷಣಕ್ಕೆ ಹೆಬ್ಬೆರಳ ಕೆಳಗಿನ ಪಂಪು ಗಟ್ಟಿಯಾಯಿತು. ಕಣ್ಣಿಗೂ ಬೆರಳಿಗೂ ಒಂದೇ ಸುದ್ದಿ ಒಟ್ಟಿಗೆ ತಲುಪುವ ಆ ಗಳಿಗೆ, ಪಾಕ ಎಳೆ ಬಂದದ್ದು ಅಜ್ಜಿಗೆ ಗೊತ್ತಾಗುತ್ತಿದ್ದ ಗಳಿಗೆಯಂಥದೇ. ಸ್ಕ್ರೂ ಬಿಗಿದು, ನಾಜಲ್ ನಟ್ಟು ಸಡಿಲಿಸಿ ಸೆಲ್ಫ್ ಹೊಡೆದು, ಅಲ್ಲಿಯೂ ಡೀಸೆಲ್ ಚಿಮ್ಮಿದ ಮೇಲೆ ಬಿಗಿದೆವು. ಕಟಕಟ ಶುರುವಾಯಿತು. ತಮ್ಮ ಟಾರ್ಚು ಬಿಸಾಡಿ ಕುಣಿದ.

ತುಕ್ಕಿನ ಬಗ್ಗೆ ಹೆಚ್ಚು ಹೇಳಲಾರೆ. ಮಲೆನಾಡಿನ ಮಳೆಯ ಮುಂದೆ ತಗಡು ಸೋಲುತ್ತದೆ, ಟಿಂಕರಿಂಗ್ ಆಗುತ್ತದೆ, ಮತ್ತೆ ಸೋಲುತ್ತದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಬೇಕಾದ್ದರಿಂದ ಬಣ್ಣವೂ ಆಗಾಗ ಕಾಣುತ್ತದೆ. ಅದರಲ್ಲಿ ರಸವೇನಿಲ್ಲ, ಖರ್ಚಿದೆ.

ರಸಕ್ಕಿಂತ ಔಚಿತ್ಯ ಹೆಚ್ಚು ಬೇಕಾಗುವುದು ಹಳೆಯ ಗಾಡಿಗೆ ಹೊಸದನ್ನು ಸೇರಿಸುವಾಗ. ಪಂಪಿನ ಸ್ಕ್ರೂ ತಿರುಗಿಸಿ ಹೆಚ್ಚು ಡೀಸೆಲ್ ಬಿಡಿಸಿದರೆ ಎಳೆತ ಹೆಚ್ಚುತ್ತದೆ ಎಂದು ಹುಡುಗರು ಹೇಳುತ್ತಾರೆ. ಹೆಚ್ಚುವುದು ನಿಜ, ಆದರೆ ಅಷ್ಟು ಡೀಸೆಲ್ಲಿಗೆ ಸಾಲುವ ಗಾಳಿ ಇಲ್ಲದೆ ಕಪ್ಪು ಹೊಗೆ ಬರುತ್ತದೆ, ಪಿಸ್ಟನ್ ಬೇಯುತ್ತದೆ. ಹಿಂದಿನ ಸ್ಪ್ರಿಂಗಿಗೆ ಇನ್ನೆರಡು ಪ್ಲೇಟು ಸೇರಿಸಿದರೆ ಲೋಡ್ ಹೆಚ್ಚು ಹಾಕಬಹುದು, ಚಾಸಿಯ ಮತ್ತು ಬೆನ್ನೆಲುಬಿನ ಗತಿ ದೇವರೇ ಬಲ್ಲ. ಬಿಳಿ ಎಲ್‌ಇಡಿ ದೀಪ ಹಾಕಿಸಿದವರು ನಮ್ಮ ಮಂಜಿನಲ್ಲಿ ಎದುರಿಗೆ ಬೆಳ್ಳನೆ ಗೋಡೆ ಕಟ್ಟಿಕೊಂಡು ಕೂರುತ್ತಾರೆ.

ನಾನು ಮಾಡಿಸಿದ್ದು ಮೂರೇ. ಒಂದು, ಹೆಡ್‌ಲೈಟಿಗೆ ರಿಲೇ. ಮೊದಲು ಕರೆಂಟು ಬ್ಯಾಟರಿಯಿಂದ ಸ್ಟೇರಿಂಗ್ ಬಳಿಯ ಸ್ವಿಚ್ಚಿಗೆ ಬಂದು, ಸುತ್ತಾಡಿ, ದಾರಿಯಲ್ಲೇ ಸೋತು ದೀಪ ತಲುಪುತ್ತಿತ್ತು. ಈಗ ನೇರ ಹೋಗುತ್ತದೆ. ಹಳೆಯ ಹಳದಿ ಬಲ್ಬೇ, ಆದರೆ ಕಣ್ಣು ಬಿಟ್ಟು ನೋಡುತ್ತದೆ. ಎರಡು, ನೀರು ಬೇರ್ಪಡಿಸುವ ಫಿಲ್ಟರ್. ಅರ್ಧ ತುಂಬಿದ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣಿದು ಹನಿಗಟ್ಟುತ್ತದೆ, ಆ ನೀರು ಸೂಜಿಗೆ ವಿಷ. ವಾರಕ್ಕೊಮ್ಮೆ ಅಡಿಯ ನಲ್ಲಿ ಬಿಟ್ಟು ಗಾಜಿನ ಲೋಟದಲ್ಲಿ ಹಿಡಿಯುತ್ತೇನೆ: ಮೇಲೆ ಹೊಂಬಣ್ಣ, ಕೆಳಗೆ ಬಣ್ಣವಿಲ್ಲದ ತೆಳುಗೆರೆ. ಮೂರು, ಪಂಪಿನ ಹಳೆಯ ರಬ್ಬರ್ ಸೀಲುಗಳಿಗೆ ಬದಲು ವಿಟಾನ್ ಎಂಬ ಬೇರೆ ಬಗೆಯ ರಬ್ಬರಿನವು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಂದ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ನಮ್ಮ ಶ್ವಾಸಕ್ಕೆ ಅದು ಒಳ್ಳೆಯದು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಸಹಜ ಜಿಡ್ಡುತನವೂ ಹೋಗುವುದರಿಂದ ಅದನ್ನು ಮರಳಿ ಕೊಡುವ ಪದಾರ್ಥವನ್ನು ರಿಫೈನರಿಯಲ್ಲೇ ಬೆರೆಸುತ್ತಾರೆ. ಆದರೂ ಹಿಂದಿನ ಡೀಸೆಲ್ ಕುಡಿದು ಊದಿಕೊಂಡಿದ್ದ ಹಳೆಯ ರಬ್ಬರು ಕುಗ್ಗಿ ಬೆವರತೊಡಗುತ್ತದೆ. ಸೀಲುಗಳನ್ನು ತಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ. ಹೋದ ತಪ್ಪಿಗೆ ಶಿವಾಜಿನಗರದ ಗುಜರಿಯನ್ನೂ ಸುತ್ತಿ, ಅಗತ್ಯವೇ ಇರದ ಒಂದು ಹಳೆಯ ಹಾರನ್ ಕೂಡ ತಂದೆ. ಅದು ಔಚಿತ್ಯದ ಲೆಕ್ಕಕ್ಕೆ ಸೇರುವುದಿಲ್ಲ.

ಮೂರನೆಯ ನಾಜಲ್ ಮರಳಿ ಕೂರಿಸಿದ ಸಂಜೆ ಮೇಸ್ತ್ರಿ ಟ್ಯಾಪೆಟ್ಟನ್ನೂ ನೋಡಿದರು. ಫೀಲರ್ ಗೇಜಿನ ತೆಳು ಎಲೆ ಸಂದಿನಲ್ಲಿ ಹೋಗಬೇಕು, ಆದರೆ ಮನಸ್ಸಿಲ್ಲದೆ ಹೋಗಬೇಕು. ಮುಗಿಸಿ, ಗಾಡಿ ಹೊತ್ತಿಸಿ, ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತರು. ಎಲುಬಿಗೆ ಒತ್ತಿ ಆಲಿಸಿದೆ. ನಾಲ್ಕೂ ಒಂದೇ ಲಯ.

"ಎಲ್ಲ ಸರಿಯಾಯ್ತು" ಎಂದೆ.

"ಎಡಬಾಗಿಲೊಳಗೆ ಒಂದು ನಟ್ಟು ಉರುಳಾಡ್ತದಲ್ಲ ಸಾರ್, ಅದನ್ನ ತೆಗೀಲಾ?"

ಬ್ರೇಕ್ ಹಾಕಿದಾಗಲೆಲ್ಲ ಮುಂದಕ್ಕೆ ಓಡಿ, ಏರಿನಲ್ಲಿ ಹಿಂದಕ್ಕೆ ಬರುವ ನಟ್ಟು. ಎಷ್ಟು ವರ್ಷವಾಯಿತೋ. ಒಂದು ಕ್ಷಣ ಯೋಚಿಸಿ, ಬೇಡ, ಇರಲಿ ಬಿಡಿ ಎಂದೆ.