ಮೀನು ಹೆಚ್ಚಾಯಿತು ಸರಿ, ಯಾವ ಮೀನು?

ಗಾಳಕ್ಕೆ ಕಟ್ಟುವ ರಾಗಿ ಮುದ್ದೆ ಎಷ್ಟು ಗಟ್ಟಿಯಿರಬೇಕೆಂದು ಈ ವಾರ ಬರೆಯುವೆನೆಂದಿದ್ದೆ. ಅದು ಮುಂದಿನ ವಾರಕ್ಕಿರಲಿ. 'ಕಾವೇರಿಗೆ ಮಹಸೀರ್ ಮರಿ ಬಿಟ್ಟರೆ ಮುಗೀತಲ್ಲ, ಇನ್ನೇನು ಗೋಳು?' ಎಂಬ ಹಳೇ ರಾಗವನ್ನು ಯಾರೋ ಮತ್ತೆ ತೆಗೆದಿದ್ದಾರೆ.

ಯಾವ ಮಹಸೀರ್, ಸ್ವಾಮಿ? ನಮ್ಮ ಮಡುಗಳ ಒಡೆಯ ಡುಬ್ಬದ ಮಹಸೀರ್. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಎಳೆದದ್ದು 120 ಪೌಂಡ್, ಹತ್ತಿರಹತ್ತಿರ 54 ಕಿಲೋ. ದಶಕಗಳ ಕಾಲ ಹೊಳೆಗೆ ಸುರಿದ ಮರಿಗಳೋ ಲೋಣಾವಳದ ನೀಲಿರೆಕ್ಕೆಯವು, ಕೃಷ್ಣಾ ಕಣಿವೆಯ ತಳಿ.

ಇದರ ಫಲವೇನೆಂದು ತಿಳಿದದ್ದು ಗಾಳದವರ ಲೆಕ್ಕದ ಪುಸ್ತಕದಿಂದ. ಕಾವೇರಿ ದಡದ ಗಾಲಿಬೋರೆ ಗಾಳ ಶಿಬಿರದಲ್ಲಿ ಹಿಡಿದು ಬಿಟ್ಟ ಮೀನಿನ ದಾಖಲೆ 1998ರಿಂದ 2012ರವರೆಗಿತ್ತು. ವಿಜ್ಞಾನಿಗಳು ಅದನ್ನು ಜಾಲಾಡಿದರು. ನೀಲಿರೆಕ್ಕೆಯವು ಏರುತ್ತ ಹೋಗಿದ್ದವು, ಡುಬ್ಬದವು ಇಳಿಯುತ್ತ. ಸಿಕ್ಕ ಡುಬ್ಬದವೂ ವರ್ಷವರ್ಷಕ್ಕೆ ದೊಡ್ಡವೇ. ಗಾಳದವನಿಗೆ ಅದು ಹಬ್ಬ. ಆದರೆ ಮುದುಕರಷ್ಟೇ ಉಳಿದು ಮರಿಗಳೇ ಇಲ್ಲವೆಂದು ಅದರರ್ಥ.

ಇಷ್ಟು ಹೆಸರುವಾಸಿ ಮೀನಿಗೆ ಖಚಿತವಾದ ಶಾಸ್ತ್ರೀಯ ಹೆಸರು ಸಿಕ್ಕಿದ್ದು 2018ರಲ್ಲಿ! 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮೀನಿಗಿಟ್ಟಿದ್ದ 'ಟಾರ್ ರೆಮಾದೇವಿ' ಇದೇ ಎಂದು ಗೊತ್ತಾಯಿತು. 2018ರಲ್ಲೇ ಅಳಿವಿನ ಅಂಚಿನ ಕೆಂಪುಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು ದಂಧೆ, ಮಡುವಿಗೆ ಎಸೆಯುವ ಸಿಡಿಮದ್ದು, ಅದರ ಈ ಉಳಿದ ಶತ್ರುಗಳು ಎಲ್ಲರಿಗೂ ಗೊತ್ತೇ ಇವೆ.

ಅಭಯಾರಣ್ಯದಲ್ಲಿ ಗಾಳ ಕೂಡದೆಂದು ಶಿಬಿರಗಳು ನಿಂತವು. ಕಾನೂನು ಕಾನೂನೇ, ತಕರಾರಿಲ್ಲ. ಆದರೆ ಪುಸ್ತಕವೂ ಮುಚ್ಚಿತು. ಒಂದು ಕಾಲಕ್ಕೆ ಕದ್ದು ಮೀನು ಹಿಡಿಯುತ್ತಿದ್ದು, ಆಮೇಲೆ ಹೊಳೆ ಕಾಯುತ್ತ ಸಂಬಳ ಪಡೆಯುತ್ತಿದ್ದ ಊರಿನವರ ಕೆಲಸವೂ ಹೋಯಿತು.

ನನ್ನ ಹಳೇ ಗುರು ಕಲ್ಯಾಣದ ಚಾಲುಕ್ಯ ಸೋಮೇಶ್ವರ. ಹನ್ನೆರಡನೇ ಶತಮಾನದ ಆ ದೊರೆ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಪ್ರಕರಣ ಮೀಸಲಿಟ್ಟ. ಮೀನನ್ನು ಜಾತಿಜಾತಿಯಾಗಿ ವಿಂಗಡಿಸಿ, ಯಾವುದಕ್ಕೆ ಯಾವ ಆಹಾರವೆಂದು ಹೇಳುತ್ತಾನೆ. ನಮ್ಮ ಮರಿ ಬಿಡುವವರಿಗೆ ಮಾತ್ರ ಮೀನೆಂದರೆ ಮೀನು, ಅಷ್ಟೇ.

ಮೋಯಾರ್ ಹೊಳೆಯಲ್ಲಿ ಡುಬ್ಬದವು ಇನ್ನೂ ಒಂದಿಷ್ಟು ಇವೆ. ಅಲ್ಲಿಗಾದರೂ ಲೋಣಾವಳದ ಮರಿ ಹೊತ್ತ ಲಾರಿ ಹೋಗದಿರಲಿ.