ತೋಮನ ಎಂಟು ದಿನಗಳು

ಈಸ್ಟರ್ ಮುಗಿದ ಮುಂದಿನ ಭಾನುವಾರ ನಮ್ಮ ಚರ್ಚಿನಲ್ಲಿ ತೋಮನ ಪಾಠ ಓದುವುದು ರೂಢಿ. ಪರಕರ ಪೋಲಕ ತೊಡುತ್ತಿದ್ದ ಕಾಲದಿಂದ ಕೇಳುತ್ತ ಬಂದಿದ್ದೇನೆ. ಉಪದೇಶ ಮಾಡುವವರು ಯಾರೇ ಇರಲಿ, ಬಂಡಿ ಹೋಗುವುದು ಒಂದೇ ಜಾಡಿನಲ್ಲಿ. ಯೇಸು ಸತ್ತವರೊಳಗಿಂದ ಎದ್ದ ಸುದ್ದಿಯನ್ನು ಉಳಿದ ಶಿಷ್ಯರೆಲ್ಲ ನಂಬಿದರು, ತೋಮನೊಬ್ಬ ನಂಬಲಿಲ್ಲ. ಗಾಯದ ಗುರುತಿನಲ್ಲಿ ಬೆರಳಿಟ್ಟು ನೋಡಿದ ಹೊರತು ಒಪ್ಪೆನೆಂದು ಹಟ ಹಿಡಿದ. ಕರ್ತನು ಬಂದು ಅವನ ತಲೆ ತಗ್ಗಿಸಿದ. ಆದ್ದರಿಂದ ಮಕ್ಕಳೇ, ಸಂಶಯ ಪಾಪ.

ಭಾನುವಾರ ಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನೂ ಇದನ್ನೇ ಹೇಳಿದವಳು. ವಾರವಿಡೀ ಹೈಸ್ಕೂಲಿನಲ್ಲಿ ಕನ್ನಡ, ಭಾನುವಾರ ಬೈಬಲು. ಎರಡೂ ಕಡೆ ಮಕ್ಕಳೇ, ಎರಡೂ ಕಡೆ ಸೀಮೆಸುಣ್ಣವೇ. ಆದರೆ ಶಾಲೆಯಲ್ಲಿ ಕೈ ಎತ್ತಿದ ಹುಡುಗಿಗೆ ಶಭಾಷ್ ಎನ್ನುವ ನಾನು, ಭಾನುವಾರ ಎತ್ತಿದ ಕೈ ಕಂಡರೆ ಯಾಕೆ ಗಾಬರಿಯಾಗುತ್ತಿದ್ದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಯೋಚಿಸುವ ಹಾಗೆ ಮಾಡಿದವನು ಒಬ್ಬ ಹುಡುಗ.

2021ರ ಮೇ ತಿಂಗಳು, ಕೊರೊನಾದ ಎರಡನೆಯ ಅಲೆ. ಅವನ ತಂದೆ ಆಸ್ಪತ್ರೆ ಸೇರಿದ್ದರು. ಚರ್ಚಿಗೆ ಬೀಗ ಬಿದ್ದಿದ್ದ ಕಾಲ, ಮನೆಮನೆಯಲ್ಲೇ ಸರಪಳಿ ಪ್ರಾರ್ಥನೆ ಇಟ್ಟುಕೊಂಡೆವು. ತಾಸಿಗೊಬ್ಬರಂತೆ ಹಗಲೂ ರಾತ್ರಿ. ನನ್ನ ಪಾಳಿ ನಸುಕಿನ ನಾಲ್ಕಕ್ಕೆ. ಹನ್ನೊಂದು ದಿನ ಆ ಸರಪಳಿ ಕಡಿಯಲಿಲ್ಲ. ಹನ್ನೆರಡನೆಯ ದಿನ ಅವರು ಹೋಗಿಬಿಟ್ಟರು. ಮಣ್ಣಿಗೆ ಹೋದವರು ಐದೇ ಜನ.

ಮರುವರ್ಷ ಆ ಹುಡುಗ ದೃಢೀಕರಣದ ತರಗತಿಗೆ ಬಂದ. ಕ್ರೈಸ್ತರಲ್ಲದ ಓದುಗ ಗೆಳತಿಯರಿಗೆ ಒಂದು ಮಾತು: ನಮ್ಮಲ್ಲಿ ಎಳೆಮಗುವಿಗೆ ದೀಕ್ಷಾಸ್ನಾನ ಆಗಿರುತ್ತದೆ. ತಂದೆತಾಯಿ ಅದರ ಪರವಾಗಿ ಅಂದು ಹೇಳಿದ ನಂಬಿಕೆಯ ಮಾತನ್ನು ಬೆಳೆದ ಮೇಲೆ ತಾನೇ ಸಭೆಯ ಮುಂದೆ ನಿಂತು ಹೇಳುವುದು ದೃಢೀಕರಣ. ಬಿಷಪ್ಪರು ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಆಮೇಲೆ ಕರ್ತನ ಭೋಜನದಲ್ಲಿ ಪಾಲು. ಅದಕ್ಕೆ ಮುಂಚೆ ಕೆಲವು ತಿಂಗಳ ಪಾಠವಿರುತ್ತದೆ. ದಶಾಜ್ಞೆ, ವಿಶ್ವಾಸ ಪ್ರಮಾಣ, ಪ್ರಶ್ನೋತ್ತರ ಎಲ್ಲ ಬಾಯಿಪಾಠ.

ಪ್ರಾರ್ಥನೆಯ ಪಾಠದ ದಿನ ಅವನು ಎದ್ದು ನಿಂತ.

"ಅಕ್ಕೋರ, ಇಡೀ ಸಭಾ ಕೂಡಿ ಬೇಡಿಕೊಂಡ್ವಲ್ರೀ. ಪಪ್ಪಾ ಯಾಕ ಉಳೀಲಿಲ್ರೀ? ದೇವ್ರು ಕೇಳ್ತಾನ ಅಂತ ಬರದು, ಖರೇನ?"

ಹದಿನಾಲ್ಕು ಮಕ್ಕಳು ನನ್ನ ಮೋರೆ ನೋಡಿದರು. ನಾನು ಹೇಳಿದ್ದು ಇಷ್ಟು: "ಹಂಗೆಲ್ಲಾ ಕೇಳಬಾರದಪ್ಪಾ. ಅದು ದೇವರ ಚಿತ್ತ. ಕೂಡು."

ಕೂತ. ಮುಂದಿನ ವಾರ ಬಂದ, ಅದರ ಮುಂದಿನ ವಾರ ಬರಲಿಲ್ಲ. ಅವನ ತಾಯಿ ನನ್ನ ಮನೆಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅವಂಗ ಸ್ವಲ್ಪ ಬುದ್ಧಿ ಹೇಳ್ರೀ ಅಕ್ಕೋರ, ನಾಕ್ ಮಂದಿ ಏನಂದಾರು" ಎಂದರು. ಬುಧವಾರದ ಕೂಟದಲ್ಲಿ ಹಿರಿಯರೊಬ್ಬರು ಅವನ ಹೆಸರು ಹಿಡಿದು, ವಿಶ್ವಾಸದಿಂದ ಜಾರಿದ ಈ ಮಗನಿಗಾಗಿ ಎಂದು ಪ್ರಾರ್ಥನೆ ಮಾಡಿದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಸುದ್ದಿ ಊರೆಲ್ಲ ಹರಡಲು ಪ್ರಾರ್ಥನೆಯಷ್ಟು ಸಲೀಸಾದ ದಾರಿ ಇನ್ನೊಂದಿಲ್ಲ. ಬಿಷಪ್ಪರು ಬಂದ ದಿನ ಹದಿಮೂರು ಮಕ್ಕಳು ಬಿಳಿ ಬಟ್ಟೆ ತೊಟ್ಟು ನಿಂತರು.

ಆ ವರ್ಷ ಈಸ್ಟರಿನ ಮುಂದಿನ ವಾರ ತೋಮನ ಪಾಠವನ್ನು ಮತ್ತೆ ಓದಬೇಕಾಯಿತು. ಕನ್ನಡ ಪಾಠಕ್ಕೆ ಹೇಗೆ ಪೆನ್ಸಿಲ್ ಹಿಡಿದು ಕೂರುತ್ತೇನೋ ಹಾಗೆ ಕೂತೆ. ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯ. ಓದುತ್ತ ಹೋದಂತೆ, ನಾವು ಹೇಳುವ ಕಥೆ ಒಂದು, ಅಲ್ಲಿ ಬರೆದಿರುವುದು ಇನ್ನೊಂದು ಎನಿಸತೊಡಗಿತು.

ಉಳಿದವರೆಲ್ಲ ನೋಡದೆ ನಂಬಿದರೇ? ಇಲ್ಲ. ಮೊದಲ ಸಂಜೆ ಕದ ಮುಚ್ಚಿಕೊಂಡು ಕೂತಿದ್ದ ಹತ್ತು ಜನರ ನಡುವೆ ಬಂದು ನಿಂತ ಯೇಸು ಅವರಿಗೆ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದ. ಆಮೇಲೆ ಅವರಿಗೆ ಸಂತೋಷವಾಯಿತು. ತೋಮನು ಬಯಸಿದ್ದು ಆ ಹತ್ತು ಜನರಿಗೆ ಆಗಲೇ ಸಿಕ್ಕಿದ್ದನ್ನು, ಜೊತೆಗೆ ಮುಟ್ಟಿ ನೋಡುವ ಒಂದು ಹಟ. ಅಷ್ಟೇ ವ್ಯತ್ಯಾಸ. ಲೂಕನ ಸುವಾರ್ತೆ ನೋಡಿದರೆ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬೆಳಗಿನ ಜಾವ ಸಮಾಧಿಗೆ ಹೋಗಿ ಬಂದವರು ಹೆಂಗಸರು: ಮಗ್ದಲದ ಮರಿಯಳು, ಯೋಹಾನಳು, ಯಾಕೋಬನ ತಾಯಿ ಮರಿಯಳು, ಇನ್ನೂ ಕೆಲವರು. ಅವರು ಓಡಿಬಂದು ಹೇಳಿದ ಸುದ್ದಿ ಅಪೊಸ್ತಲರಿಗೆ ಬರೀ ಹರಟೆಯಾಗಿ ಕಂಡಿತು. ಹೆಂಗಸರ ಮಾತು, ಇನ್ನೇನು! ನಂಬದೆ ಇದ್ದವರು ಎಲ್ಲರೂ. "ಸಂಶಯದ" ಎಂಬ ಬಿರುದು ಮಾತ್ರ ತೋಮನೊಬ್ಬನ ಕೊರಳಿಗೆ.

ಅವನು ಬೆರಳಿಟ್ಟು ನೋಡಿದನೆಂದು ಕೂಡ ಅಲ್ಲಿ ಬರೆದಿಲ್ಲ. ಬೆರಳು ಗಾಯದೊಳಗೆ ಇಳಿದಿರುವುದು ಚಿತ್ರಕಾರರ ಚಿತ್ರಗಳಲ್ಲಿ. ಯೇಸು ಕೈ ಚಾಚಿ, ಬಾ, ಮುಟ್ಟು ಎಂದ. ಇವನು ಅಲ್ಲೇ ಆತನನ್ನು ತನ್ನ ಕರ್ತನೆಂದೂ ದೇವರೆಂದೂ ಕರೆದ. ಇಡೀ ಸುವಾರ್ತೆಯಲ್ಲಿ ಯಾವ ಶಿಷ್ಯನ ಬಾಯಿಂದಲೂ ಅಷ್ಟು ದೊಡ್ಡ ಮಾತು ಬಂದಿಲ್ಲ. ಕಾಣದೆ ನಂಬುವವರು ಧನ್ಯರು ಎಂಬ ಅರ್ಥದ ಮಾತು ಕೊನೆಗೆ ಬರುತ್ತದೆ ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ತೋರಿಸಿದ್ದು ಮೊದಲು, ಹೇಳಿದ್ದು ಆಮೇಲೆ. ನಾವು ತೋರಿಸುವುದನ್ನು ಬಿಟ್ಟು ಹೇಳುವುದನ್ನಷ್ಟೇ ಇಟ್ಟುಕೊಂಡಿದ್ದೇವೆ.

ನನ್ನ ಪೆನ್ಸಿಲ್ ನಿಂತದ್ದು ಇನ್ನೊಂದು ಕಡೆ. ಮೊದಲ ಸಂಜೆಗೂ ಎರಡನೆಯ ಭೇಟಿಗೂ ನಡುವೆ ಎಂಟು ದಿನ. ಎಂಟು ದಿನದ ಮೇಲೆ ಶಿಷ್ಯರು ಮತ್ತೆ ಮನೆಯೊಳಗಿದ್ದರು, ತೋಮನೂ ಅವರ ಜೊತೆಗಿದ್ದ. ನಂಬುವುದಿಲ್ಲ ಎಂದು ಮುಖಕ್ಕೆ ಹೇಳಿದವನನ್ನು ಅವರು ಎಂಟು ದಿನ ಇಟ್ಟುಕೊಂಡಿದ್ದರು. ಒಂದೇ ಸೂರು, ಬಹುಶಃ ಒಂದೇ ತಟ್ಟೆಯ ರೊಟ್ಟಿ. ಅವನೂ ಎದ್ದು ಹೋಗಲಿಲ್ಲ. ಹೋಗಿದ್ದರೆ ಎರಡನೆಯ ಭೇಟಿ ಅವನ ಪಾಲಿಗೆ ಎಲ್ಲಿರುತ್ತಿತ್ತು? ಇಪ್ಪತ್ತು ವರ್ಷ ಪಾಠ ಹೇಳಿಯೂ ಆ ಎಂಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾವು ಆ ಹುಡುಗನಿಗೆ ಎಂಟು ದಿನ ಕೊಟ್ಟೆವೇ?

ಯೋಬನ ಗ್ರಂಥವನ್ನೂ ನಾವು ಹೀಗೇ ಅರ್ಧ ಓದುತ್ತೇವೆ. ತಾಳ್ಮೆಯ ಯೋಬ ಎನ್ನುತ್ತೇವೆ. ಆ ತಾಳ್ಮೆ ಮೊದಲ ಎರಡು ಅಧ್ಯಾಯಕ್ಕೇ ಮುಗಿಯುತ್ತದೆ. ಮೂರನೆಯ ಅಧ್ಯಾಯದಿಂದ ಅವನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನೇ ವಾದಕ್ಕೆ ಕರೆಯುತ್ತಾನೆ. ಅವನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಪಕ್ಕದಲ್ಲಿ ಕೂತಿದ್ದರು. ಅಷ್ಟು ಹೊತ್ತೂ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ದೇವರ ಪರವಾಗಿ ವಕಾಲತ್ತು ಶುರುಮಾಡಿದ ಮೇಲೆ ಕೆಟ್ಟರು. 42ನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಅವರ ಮೇಲೆ, ಯೋಬನ ಮೇಲಲ್ಲ. "ದೇವರ ಚಿತ್ತ, ಕೂಡು" ಎಂದ ನಾನು ಯಾರ ಸಾಲಿನಲ್ಲಿದ್ದೇನೆ ಎಂದು ಆ ದಿನ ತಿಳಿಯಿತು. 88ನೆಯ ಕೀರ್ತನೆಯಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ನಮ್ಮ ಆರಾಧನೆಯಲ್ಲಿ ಅದನ್ನು ಓದಿದ ನೆನಪು ನನಗಿಲ್ಲ. 23ನೆಯದು ಎಲ್ಲರಿಗೂ ಬಾಯಿಪಾಠ.

ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 2007ರಲ್ಲಿ, ಅವರು ತಮ್ಮ ಗುರುಗಳಿಗೆ ಬರೆದ ಖಾಸಗಿ ಕಾಗದಗಳು ಪುಸ್ತಕವಾಗಿ ಬಂದವು. ದಶಕಗಳ ಕಾಲ ದೇವರ ಇರವು ಅನುಭವಕ್ಕೇ ಬಾರದ ಕತ್ತಲೆಯ ಮಾತು ಅವುಗಳಲ್ಲಿದೆ. ಅದೆಲ್ಲ ತಿಳಿದ ಮೇಲೂ 2016ರಲ್ಲಿ ಅವರನ್ನು ಸಂತರೆಂದು ಸಾರಿದರು. ಅಂಥ ಹೆಣ್ಣುಮಗಳಿಗೆ ಇದ್ದ ಕತ್ತಲೆ ಹದಿನಾರರ ಹುಡುಗನಿಗೆ ಬಂದರೆ ಅಪರಾಧವೇ?

ಸಭೆಯ ಹಿರಿಯರ ಅಂಜಿಕೆ ನನಗೆ ಅರ್ಥವಾಗುತ್ತದೆ. ಸಣ್ಣ ಸಭೆ ನಮ್ಮದು. ಒಂದು ಇಟ್ಟಿಗೆ ಸಡಿಲಾದರೆ ಗೋಡೆಯೇ ಹೋದೀತು ಎಂಬ ಭಯ. ಸಂಶಯಪಡುವವನು ಸಮುದ್ರದ ತೆರೆಯಂತೆ ಎಂಬ ಯಾಕೋಬನ ಪತ್ರಿಕೆಯ ಹೋಲಿಕೆ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಅದೇ ಬೈಬಲಿನಲ್ಲಿ ಯೂದನ ಪತ್ರಿಕೆ ಸಂಶಯಪಡುವವರ ಮೇಲೆ ಕರುಣೆ ಇಡಿ ಎನ್ನುತ್ತದೆ, ಅದನ್ನು ಯಾರೂ ತೆಗೆಯುವುದಿಲ್ಲ. ಇನ್ನೊಂದು ತಮಾಷೆ ನೋಡಿ. ನಮ್ಮದು ಬಾಸೆಲ್ ಮಿಶನ್ನಿನವರು ಕಟ್ಟಿದ ಸಭೆ. ಅದೇ ಮಿಶನ್ನಿನ ಕಿಟೆಲ್ ಸಾಹೇಬರು ಪಂಡಿತರನ್ನೂ ಹಳ್ಳಿಗರನ್ನೂ ಕೇಳಿ ಕೇಳಿಯೇ 1894ರಲ್ಲಿ ಆ ದೊಡ್ಡ ನಿಘಂಟು ಹೊರತಂದದ್ದು. ಕೇಳುವುದನ್ನೇ ಕಾಯಕ ಮಾಡಿಕೊಂಡಿದ್ದವರ ಮೊಮ್ಮಕ್ಕಳಿಗೆ ನಾವು ಕೇಳಬೇಡಿ ಎನ್ನುತ್ತೇವೆ.

ಕೇಳಬೇಡಿ ಎಂದರೆ ಪ್ರಶ್ನೆ ಸಾಯುತ್ತದೆಯೇ? ಶಾಲೆಯಲ್ಲಿ ನೋಡಿದ್ದೇನೆ, ತಿಳಿಯದ್ದನ್ನು ಕೇಳದೆ ತಲೆ ಆಡಿಸುವ ಮಗು ಪರೀಕ್ಷೆಯ ದಿನ ಖಾಲಿ ಹಾಳೆ ಕೊಡುತ್ತದೆ. ಇಲ್ಲಿ ಪರೀಕ್ಷೆ ಎಂದರೆ ಮೊದಲ ಸಾವು, ಮೊದಲ ಸೋಲು, ದೂರದ ಊರಿನ ಹಾಸ್ಟೆಲಿನಲ್ಲಿ ಗೆಳೆಯರು ಹಾಕುವ ಮೊದಲ ಸವಾಲು. ಎರವಲು ಉತ್ತರ ಅಲ್ಲಿ ಎಷ್ಟು ಹೊತ್ತು ನಿಂತೀತು?

2023ರಿಂದ ನಮ್ಮ ತರಗತಿಯಲ್ಲಿ ಒಂದು ಸೀಮೆಸುಣ್ಣದ ಡಬ್ಬಿ ಇಟ್ಟಿದ್ದೇನೆ. ಹೆಸರು ಬರೆಯದೆ ಚೀಟಿ ಹಾಕಬಹುದು. ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು ಎಂಬ ಚೀಟಿ ವರ್ಷವೂ ಬರುತ್ತದೆ, ಅದು ಅಕ್ಕೋರನ್ನು ಸತಾಯಿಸುವುದಕ್ಕೆ. ಆದರೆ ಇವೂ ಬಂದವು: ನನ್ನ ಗೆಳತಿ ನನಗಿಂತ ಒಳ್ಳೆಯವಳು, ಕ್ರೈಸ್ತಳಲ್ಲ, ಅವಳು ನರಕಕ್ಕೆ ಹೋಗುತ್ತಾಳೆಯೇ? ಪ್ರಾರ್ಥನೆ ಮಾಡುವಾಗ ನನಗೆ ಏನೂ ಅನಿಸುವುದಿಲ್ಲ, ಕಣ್ಣು ಮುಚ್ಚಿ ನಟಿಸುತ್ತೇನೆ, ಏನು ಮಾಡಲಿ? ಈ ಎರಡನೆಯ ಚೀಟಿಯನ್ನು ಹೊಸದಾಗಿ ಬಂದಿದ್ದ ಸಭಾಪಾಲಕರು ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಮ್ಮೊಮ್ಮೆ ನನಗೂ ಹೀಗೇ ಆಗುತ್ತದೆ" ಎಂದರು. ಕಿಟಕಿಯಾಚೆ ನೋಡುತ್ತಿದ್ದ ಮಕ್ಕಳೆಲ್ಲ ಅವರತ್ತ ತಿರುಗಿದರು. ಅಷ್ಟು ಗಮನವಿಟ್ಟು ಅವರು ನನ್ನ ಯಾವ ಪಾಠವನ್ನೂ ಕೇಳಿರಲಿಲ್ಲ. ಹಿರಿಯರಿಬ್ಬರು ಆಮೇಲೆ ಆಕ್ಷೇಪಿಸಿದರು, ಅದು ಬೇರೆ ಮಾತು.

ಆ ವರ್ಷ ಇಬ್ಬರು ಮಕ್ಕಳು, ನಮಗೆ ಇನ್ನೂ ಹೇಳಲು ಬಾಯಿ ಬರುತ್ತಿಲ್ಲ, ಮುಂದಿನ ವರ್ಷ ನಿಲ್ಲುತ್ತೇವೆ ಎಂದರು. ಕಾಯೋಣ ಎಂದರು ಸಭಾಪಾಲಕರು. ಯಾರ ಹೆಸರೂ ಬುಧವಾರದ ಪ್ರಾರ್ಥನೆಗೆ ಹೋಗಲಿಲ್ಲ. ಒಬ್ಬಳು ಮರುವರ್ಷ ನಿಂತಳು. ಇನ್ನೊಬ್ಬ ಇನ್ನೂ ನಿಂತಿಲ್ಲ, ಹಾಡುವ ಗುಂಪಿನಲ್ಲಿದ್ದಾನೆ.

ಆ ಮೊದಲ ಹುಡುಗ ಈಗ ಬೇರೆ ಊರಿನಲ್ಲಿ ಡಿಪ್ಲೊಮಾ ಓದುತ್ತಾನೆ. ಹೋದ ಕ್ರಿಸ್‌ಮಸ್ಸಿಗೆ ತಾಯಿ ಕಳಿಸಿದ ಚಕ್ಕುಲಿ ಡಬ್ಬಿ ಹಿಡಿದು ಮನೆಗೆ ಬಂದಿದ್ದ. ಕೂರಿಸಿ ಕರ್ಜಿಕಾಯಿ ಕೊಟ್ಟು, ತಡೆಯಲಾರದೆ ಹೇಳಿಯೇಬಿಟ್ಟೆ:

"ಅವತ್ತ ನೀ ಕೇಳಿದ್ದಕ್ಕ ನನ್ನ ಹತ್ರ ಉತ್ತರ ಇರಲಿಲ್ಲಪ್ಪಾ. ಇವತ್ತೂ ಇಲ್ಲ. ಇಲ್ಲ ಅನ್ನಲಿಕ್ಕೆ ಹೆದರಿಕಿ ಆತು, ಅದಕ್ಕ ಕೂಡು ಅಂದೆ."

"ಗೊತ್ತಿತ್ರೀ ಅಕ್ಕೋರ" ಎಂದ. ಕರ್ಜಿಕಾಯಿ ಮುರಿಯುತ್ತ, "ನಾಕ ಗಂಟೇಕ ಎದ್ದು ಪ್ರಾರ್ಥನಾ ಮಾಡಿದವ್ರು ನೀವ ಅಂತ ಅವ್ವ ಹೇಳ್ಯಾಳ್ರೀ" ಎಂದ.

ಭಾನುವಾರ ಅವನು ಚರ್ಚಿಗೆ ಬರಲಿಲ್ಲ. ತಾಯಿ ಎಂದಿನಂತೆ ಒಬ್ಬರೇ ಬಂದಿದ್ದರು. ಸೋಮವಾರ ಸಂಜೆ ಅವನು ನಮ್ಮ ಡಬ್ಬಿ ಮರಳಿಸಲು ಬಂದವನು, ಬಸ್ಸಿಗೆ ಇನ್ನೂ ಒಂದು ತಾಸು ಇದೆ ಎಂದು ಕೂತ.